ಸೊಸೈಟಿ ಗೋದಾಮಿನಲ್ಲಿ ಭ್ರಾಮರಿ

ಚೇರಂಬಾಣೆಯ ಹಳೆಯ ಜೇನು ಸೊಸೈಟಿಯ ಗೋದಾಮು.
ಬೆಳಗಿನ ಆರು. ಏಳು ಚಾಪೆ, ಒಂದು ಗೋಣಿ.
ಗೋಣಿ ಬೆಳ್ಯಪ್ಪನವರದು.
ಚಾಪೆ ಜಾರುತ್ತದಂತೆ, ಗೋಣಿ ಕಚ್ಚಿ ಹಿಡಿಯುತ್ತದಂತೆ.

ಮೈಸೂರಿನ ತರಬೇತಿಯಿಂದ ನಾನು ತಂದದ್ದು
ಒಂದು ಸರ್ಟಿಫಿಕೇಟು, ಅಂಗೈಯಗಲದ ಸ್ಪೀಕರು,
ಅದರೊಳಗೆ ಮೂರು ಗಂಟೆಯ ಕೊಳಲು.
ಯಾರು ನುಡಿಸಿದ್ದೋ. ಎಲ್ಲೂ ತಪ್ಪದ ಕೊಳಲು,
ಒಮ್ಮೆಯೂ ಉಸಿರಿಗಾಗಿ ನಿಲ್ಲದ್ದು.
ಹಿಂದೆ ಹರಿಯುವ ನೀರು, ಯಾವ ಊರಿನದೂ ಅಲ್ಲದ ನೀರು.
ಹೊರಗೆ ತಗಡಿನಂಚಿಂದ ಮಂಜು ಹನಿಹನಿಯಾಗಿ
ಬಕೆಟ್ಟಿಗೆ ಬೀಳುತ್ತಿದ್ದರೂ
ನಾನು ಹಾಕುತ್ತಿದ್ದದ್ದು ಅದನ್ನೇ.

ಆ ಗುರುವಾರ ಸ್ಪೀಕರು ನಡುವೆಯೇ ಸತ್ತಿತು.
ಹಿಂದಿನ ರಾತ್ರಿ ಕರೆಂಟು ಇರಲಿಲ್ಲ.

ಆಗ ಕೇಳಿತು, ಅಷ್ಟು ದಿನ ಅಲ್ಲೇ ಇದ್ದದ್ದು:
ಪೋಸ್ಟಾಫೀಸಿನ ದಮಯಂತಿಯ ಮೊಣಕಾಲಿನ ಲಟಕ್ಕು,
ಸುಬೈದಾಳ ಬಳೆ, ಯಾರದೋ ಹೊಟ್ಟೆಯ ಗುರ್,
ಭಾಗಮಂಡಲದ ಮೊದಲ ಬಸ್ಸು ತಿರುವಿನಲ್ಲಿ
ಗೇರು ಬದಲಿಸಲು ಮಾಡಿದ ಯೋಚನೆ.
ಸೆರಗು ಜಾರಿದವಳಂತೆ ನಾನು ಗಡಿಬಿಡಿಯಾದೆ.
ಸರಿ, ಭ್ರಾಮರಿ ಮಾಡೋಣ ಅಂದೆ.
ಹೆಬ್ಬೆರಳು ಕಿವಿಗೆ. ತುಟಿ ಮುಚ್ಚಿ. ಹಲ್ಲಿಗೆ ಹಲ್ಲು ತಾಗದಿರಲಿ.
ದುಂಬಿಯ ಹಾಗೆ ಅಂದೆ,
ಪಾಠದಲ್ಲಿ ಹಾಗೇ ಬರೆದಿತ್ತು.

ಎಂಟು ಗಂಟಲು ಎಂಟು ದಾರಿ ಹಿಡಿದವು.

ಬೆಳ್ಯಪ್ಪನವರು ಕಿವಿಯಿಂದ ಬೆರಳು ತೆಗೆದರು.
ಕೇಳಿದರು. ಮೂಸಿದರು ಅನ್ನಬೇಕು,
ತಲೆಯನ್ನು ಅತ್ತ ಇತ್ತ ಆಡಿಸಿದ ರೀತಿಗೆ.
"ಟೀಚರೇ, ಇದು ರಾಣಿ ಇಲ್ಲದ ಪೆಟ್ಟಿಗೆ."

ನಲವತ್ತು ವರ್ಷ ಮುಚ್ಚಳಕ್ಕೆ ಕಿವಿಯಿಟ್ಟ ಮನುಷ್ಯ.
ಗೆಣ್ಣಿನಿಂದ ಪೆಟ್ಟಿಗೆಗೆ ಒಂದು ಏಟು ತಟ್ಟಬೇಕಂತೆ.
ರಾಣಿ ಇದ್ದರೆ ಒಳಗೆ ಒಂದೇ ಹುಸ್ಸು,
ಎದ್ದಿತು, ಕೂತಿತು, ಮುಗಿಯಿತು.
ರಾಣಿ ಸತ್ತಿದ್ದರೆ ಆ ಸದ್ದಿಗೆ ಮುಗಿಯಲು ಬರುವುದಿಲ್ಲ.
ನರಳುತ್ತದೆ, ಏರುತ್ತದೆ, ಇಳಿಯುತ್ತದೆ,
ದೂರು ಯಾರಿಗೆ ಕೊಡಬೇಕೆಂದು ತಿಳಿಯದ ಮನೆಯ ಹಾಗೆ.

"ಹುಳಕ್ಕೆ ರೋಗ ಬಂದ ವರ್ಷ
ಇದೇ ಗೋಡೆಗೆ ಒರಗಿಸಿ ಸೂರಿನವರೆಗೆ ಪೇರಿಸಿದ್ದೆವು,
ಬರೀ ಖಾಲಿ ಪೆಟ್ಟಿಗೆ.
ಖಾಲಿ ಅಂತ ಗೊತ್ತು.
ಆದರೂ ಒಂದೊಂದನ್ನೂ ತಟ್ಟಿ ಇಟ್ಟೆ."

ಯಾರೂ ಏನೂ ಅನ್ನಲಿಲ್ಲ.
ಬಕೆಟ್ಟಿಗೆ ಒಂದು ಹನಿ, ಆಮೇಲೆ ಇನ್ನೊಂದು.

ಅವರು ಗೋಣಿಯ ಪಕ್ಕದ ನೆಲಕ್ಕೆ ಗೆಣ್ಣಿನಿಂದ ಒಂದು ಏಟು ತಟ್ಟಿ
ಮೂಗಿನಲ್ಲಲ್ಲ, ಗಂಟಲಿನಲ್ಲಲ್ಲ, ಪಕ್ಕೆಗಳ ಕೆಳಗೆಲ್ಲೋ
ಒಂದು ಸದ್ದು ಹಿಡಿದರು. ದಪ್ಪ, ತುಸು ಒರಟು,
ಬಿಸಿಲಿಗೆ ಕಾದ ಮರದ ಬಣ್ಣದ್ದು.
ಮೊದಲು ಕೂಡಿಕೊಂಡವಳು ಸುಬೈದಾ.
ಹೊಲಿಗೆ ಮೆಷಿನ್ನಿನ ಜೊತೆ ದಿನವಿಡೀ ಗುನುಗುವ ಅಭ್ಯಾಸ.
ದಮಯಂತಿ ಎರಡು ಸಲ ನಕ್ಕು ಕೆಡಿಸಿದಳು.
ಐದನೆಯ ಉಸಿರಿಗೋ ಆರನೆಯದಕ್ಕೋ
ನನ್ನ ದವಡೆಯ ಕೀಲು ನಡುಗಿತು.
ನನ್ನ ಸದ್ದು ಯಾವುದೆಂದು ಹುಡುಕಿದೆ,
ಸಿಗಲಿಲ್ಲ. ಹುಡುಕುವುದನ್ನು ಬಿಟ್ಟೆ.

ಆಮೇಲೆ ಅವರು ಕೈಯೆತ್ತಿದರು. ನಿಂತಿತು.
ಒಟ್ಟಿಗೆ ಹೊರಟದ್ದಲ್ಲ ದೊಡ್ಡದು,
ಒಟ್ಟಿಗೆ ನಿಂತದ್ದು.
ಗೋಡೆಯ ಸಂದಿನ ಹಳೆಯ ಮೇಣದ ವಾಸನೆ
ಅಂದೇ ನನ್ನ ಮೂಗಿಗೆ ಬಂದದ್ದು.

ಈಗಲೂ ಶವಾಸನಕ್ಕೆ ಕೊಳಲು ಹಾಕುತ್ತೇನೆ,
ಅದಿಲ್ಲದೆ ನಿದ್ದೆ ಬರುವುದಿಲ್ಲ ಅನ್ನುತ್ತಾಳೆ ದಮಯಂತಿ.
ನಿದ್ದೆ ಮಾಡಬಾರದು ಅಂತ ಹೇಳಿ ಹೇಳಿ ಸಾಕಾಗಿದೆ.

ರಾತ್ರಿ, ಬಾಡಿಗೆ ಕೋಣೆಯಲ್ಲಿ, ದೀಪ ಆರಿಸಿದ ಮೇಲೆ
ಎದೆಯ ನಡು ಎಲುಬಿಗೆ
ಗೆಣ್ಣಿನಿಂದ ಒಂದು ಏಟು ತಟ್ಟುತ್ತೇನೆ.
ಕಿವಿ ಕೊಟ್ಟು ಕೂರುತ್ತೇನೆ.
ಕೆಲವು ರಾತ್ರಿ ಬೇಗ ಮುಗಿಯುತ್ತದೆ.